ಕ್ರಯಪತ್ರದ ಹೆಬ್ಬೆಟ್ಟೇ ಖಾತೆಯ ಬೀಗದ ಕೈ: ತಾಲ್ಲೂಕಿನ ಜನ ಎಲ್ಲೆಲ್ಲಿ ಎಚ್ಚರ ಇರಬೇಕು?

ಶ್ರೀರಂಗಪಟ್ಟಣ: ಒಂದು ಕಾಲಕ್ಕೆ ‘ಹೆಬ್ಬೆಟ್ಟು’ ಅಂದ್ರೆ ಓದು ಬರಹ ಬಾರದವರನ್ನು ಹಂಗಿಸೋ ಮಾತು. ಈಗ ಮೇಷ್ಟ್ರು, ಮೇಸ್ತ್ರಿ, ಸಾಹುಕಾರ ಎಲ್ಲರೂ ಹೆಬ್ಬೆಟ್ಟಿನವರೇ. ಸೊಸೈಟಿ ಅಕ್ಕಿಗೆ, ಸಿಮ್ ಕಾರ್ಡಿಗೆ, ಜಮೀನು ನೋಂದಣಿಗೆ, ಊರಿನ ಅಂಗಡಿಯಲ್ಲಿ ಪಿಂಚಣಿ ದುಡ್ಡು ಬಿಡಿಸೋಕೆ, ಎಲ್ಲಕ್ಕೂ ಬೆರಳು ಒತ್ತಲೇಬೇಕು. ಪಾಸ್‌ವರ್ಡ್ ಕಳವಾದ್ರೆ ಬದಲಾಯಿಸಬಹುದು. ಬೆರಳಚ್ಚು ಕಳವಾದ್ರೆ?

2023ರಲ್ಲಿ ಆಗಿದ್ದೇನು?

ಆ ವರ್ಷ ರಾಜ್ಯದಲ್ಲಿ ಪೊಲೀಸರ ಮುಂದೆ ಒಂದೇ ಬಗೆಯ ದೂರುಗಳು ಬಂದವು. ಒಟಿಪಿ ಹೇಳಿಲ್ಲ, ಲಿಂಕ್ ಒತ್ತಿಲ್ಲ, ಆದ್ರೂ ಖಾತೆಯಿಂದ ದುಡ್ಡು ಹೋಗಿದೆ. ಹಾಗೆ ಕಳೆದುಕೊಂಡವರಲ್ಲಿ ಆಸ್ತಿ ನೋಂದಣಿ ಮಾಡಿಸಿದವರೂ ಇದ್ದರು. ಕ್ರಯಪತ್ರದ ಪ್ರತಿಯಲ್ಲಿ ಹೆಸರು, ಆಧಾರ್ ಸಂಖ್ಯೆ, ಬೆರಳಚ್ಚು ಮೂರೂ ಒಂದೇ ಕಡೆ ಸಿಕ್ಕಿದ್ರೆ ಕಳ್ಳನಿಗೆ ಅಷ್ಟೇ ಸಾಕು. ಆ ಅಚ್ಚಿನಿಂದ ನಕಲಿ ಬೆರಳು ಮಾಡಿ, ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯಲ್ಲಿ (ಎಇಪಿಎಸ್) ಹಣ ಬಿಡಿಸುತ್ತಾರೆ. ಈ ವ್ಯವಸ್ಥೆಗೆ ಎಟಿಎಂ ಕಾರ್ಡ್ ಬೇಡ, ಪಿನ್ ಬೇಡ. ಒಂದು ಸಲಕ್ಕೆ 10,000 ರೂಪಾಯಿವರೆಗೆ ತೆಗೆಯಬಹುದು.

ಆಮೇಲೆ ನೋಂದಣಿ ಇಲಾಖೆ ಆನ್‌ಲೈನ್ ಪ್ರತಿಗಳಲ್ಲಿ ಬೆರಳಚ್ಚು ಮರೆಮಾಡುವ ಕ್ರಮಕ್ಕೆ ಮುಂದಾಯಿತು. ಆಧಾರ್ ಪ್ರಾಧಿಕಾರವೂ ಅದೇ ವರ್ಷದ ಫೆಬ್ರುವರಿಯಲ್ಲಿ, ಬೆರಳು ಜೀವಂತವೋ ನಕಲಿಯೋ ಎಂದು ಪತ್ತೆ ಮಾಡುವ ಹೊಸ ತಂತ್ರ ತಂದಿತು. ಆದ್ರೆ ಅದಕ್ಕೂ ಮುಂಚೆ ಮನೆಮನೆಗೆ, ದಲ್ಲಾಳಿ ಕೈಗೆ, ಜೆರಾಕ್ಸ್ ಅಂಗಡಿ ಕಂಪ್ಯೂಟರಿಗೆ ಹೋದ ಹಳೇ ಪ್ರತಿಗಳ ಲೆಕ್ಕ ಇಟ್ಟವರು ಯಾರು?

ಬೀಗ ಇದೆ, ಹಾಕೋರು ಯಾರು?

ಆಧಾರ್ ವೆಬ್‌ಸೈಟ್ ಅಥವಾ ಎಂಆಧಾರ್ ಆ್ಯಪ್‌ನಲ್ಲಿ ಬಯೋಮೆಟ್ರಿಕ್ ಲಾಕ್ ಮಾಡಬಹುದು. ದುಡ್ಡು ಕೊಡಬೇಕಿಲ್ಲ. ಲಾಕ್ ಆದ ಮೇಲೆ ಬೆರಳು, ಕಣ್ಣು, ಮುಖ ಯಾವುದೂ ನಡೆಯಲ್ಲ. ಬೇಕಾದಾಗ ಸ್ವಲ್ಪ ಹೊತ್ತಿಗೆ ತೆಗೆದುಕೊಳ್ಳಬಹುದು.

ತೊಡಕು ಇರೋದು ಇಲ್ಲೇ. ಲಾಕ್ ಮಾಡೋಕೆ ಆಧಾರ್‌ಗೆ ಜೋಡಿಸಿದ ಮೊಬೈಲ್ ನಂಬರ್ ಬೇಕು. ನಾಗಮಂಗಲದ ಹಳ್ಳಿಯ ಅಜ್ಜಿಗೆ ಮೊಬೈಲೇ ಇಲ್ಲ, ಇದ್ರೂ ಮೊಮ್ಮಗನ ನಂಬರ್. ಪಿಂಚಣಿ ಬಿಡಿಸೋಕೆ, ಅಕ್ಕಿ ತರೋಕೆ ಆಕೆಗೆ ಬೆರಳೊಂದೇ ದಾರಿ. ಅದನ್ನೂ ಲಾಕ್ ಮಾಡಿದ್ರೆ ಊಟಕ್ಕೇ ಕುತ್ತು. ಕಬ್ಬು ಕಡಿದು, ಗಾರೆ ಕಲಸಿ ಬೆರಳು ಸವೆದವರ ಕಥೆ ಬೇರೆ: ಮೆಷಿನ್ ಅವರ ಗುರುತನ್ನೇ ಹಿಡಿಯಲ್ಲ. ಅಂದ್ರೆ ಬೆರಳನ್ನೇ ಹೆಚ್ಚು ನಂಬಿದವರಿಗೆ ರಕ್ಷಣೆ ಕಡಿಮೆ. ಆ್ಯಪ್ ಹಾಕಿಕೊಳ್ಳಿ ಅಂತ ಜಾಹೀರಾತು ಕೊಟ್ಟು ಕೈತೊಳೆದುಕೊಂಡರೆ ಇದು ಬಗೆಹರಿಯೋದಿಲ್ಲ. ಗ್ರಾಮ ಪಂಚಾಯ್ತಿ ಮಟ್ಟದಲ್ಲೇ ಮೊಬೈಲ್ ನಂಬರ್ ಜೋಡಣೆ ಶಿಬಿರ ನಡೆಯಬೇಕು.

ನೋಟರಿ ಮುದ್ರೆಗೆ ಎಷ್ಟು ಬಲ?

ತಾಲ್ಲೂಕು ಕಚೇರಿ ಅಕ್ಕಪಕ್ಕ ಇನ್ನೊಂದು ನಂಬಿಕೆ ಇದೆ: ‘ನೋಟರಿ ಆಗಿದೆ ಸ್ವಾಮಿ, ಇನ್ನೇನು ಭಯ?’ 1952ರ ನೋಟರಿ ಕಾಯ್ದೆ ಪ್ರಕಾರ ನೋಟರಿ ಮಾಡೋದು ಪ್ರಮಾಣ ಮಾಡಿಸುವ, ದೃಢೀಕರಿಸುವ ಕೆಲಸ. ಸೈಟು, ಜಮೀನಿನ ಒಡೆತನ ಬದಲಾಗೋದು ಸಬ್ ರಿಜಿಸ್ಟ್ರಾರ್ ಕಚೇರಿಯ ನೋಂದಣಿಯಿಂದ ಮಾತ್ರ. ಜಿಪಿಎ, ಅಗ್ರಿಮೆಂಟ್ ಮೇಲೆ ಮಾಡಿದ ಮಾರಾಟದಿಂದ ಹಕ್ಕು ಬರೋದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಮದುವೆ, ವಿಚ್ಛೇದನ ಪತ್ರ ಮಾಡಿಕೊಡೋದು ನೋಟರಿಗಳ ಕೆಲಸ ಅಲ್ಲ ಎಂದು ಕೇಂದ್ರ ಕಾನೂನು ಇಲಾಖೆ 2024ರ ಅಕ್ಟೋಬರ್‌ನಲ್ಲಿ ಮತ್ತೆ ನೆನಪಿಸಿದೆ.

ನೋಟರಿ ಎದುರು ನೀವೇ ಹಾಜರಿರಬೇಕು, ಅವರ ರಿಜಿಸ್ಟರಿನಲ್ಲಿ ದಾಖಲಾಗಬೇಕು. ‘ನೀವು ಬರೋದು ಬೇಡ, ಆಧಾರ್ ಜೆರಾಕ್ಸ್ ಕಳಿಸಿ, ಸೀಲ್ ಹಾಕಿಸ್ತೀನಿ’ ಅನ್ನೋರಿದ್ರೆ ದೂರ ಇರಿ. ಇವತ್ತು ನಿಮಗೆ ಅನುಕೂಲ ಮಾಡಿಕೊಟ್ಟ ಕೈ, ನಾಳೆ ನಿಮ್ಮ ಹೆಸರಲ್ಲಿ ಇನ್ಯಾರಿಗೋ ಅದೇ ಅನುಕೂಲ ಮಾಡಿಕೊಟ್ಟೀತು.

ಅಂಗಡಿಯವರಿಗೂ ಪಾಲಿದೆ

ಜೆರಾಕ್ಸ್, ಸಿಮ್, ಹಣ ಬಿಡಿಸಿಕೊಡುವ ಅಂಗಡಿಗಳು ನಡೆಯೋದೇ ನಂಬಿಕೆ ಮೇಲೆ. ಗಿರಾಕಿಯ ಫೈಲ್ ಪ್ರಿಂಟ್ ಆದ ಕೂಡಲೇ ಅಳಿಸಿಬಿಡಿ. ಹಾಳಾದ ಪ್ರತಿಯನ್ನು ಪೊಟ್ಟಣ ಕಟ್ಟೋಕೆ ಕೊಡಬೇಡಿ, ಹರಿದು ಹಾಕಿ. ಎಇಪಿಎಸ್ ಮೆಷಿನ್ ಇಟ್ಟವರ ಮೇಲೆ ರಿಸರ್ವ್ ಬ್ಯಾಂಕ್ ನಿಗಾ ಬಿಗಿ ಮಾಡಿದೆ. 2025ರ ಜೂನ್‌ನಲ್ಲಿ ಹೊರಡಿಸಿದ ನಿಯಮ 2026ರ ಜನವರಿ 1ರಿಂದ ಜಾರಿ. ಮೂರು ತಿಂಗಳು ವಹಿವಾಟು ಮಾಡದ ಏಜೆಂಟರು ಮತ್ತೆ ಕೆವೈಸಿ ಕೊಟ್ಟೇ ಮುಂದುವರಿಯಬೇಕು.

ಗಿರಾಕಿಗಳೂ ಅಷ್ಟೇ. ‘ಥಂಬ್ ಬರ್ಲಿಲ್ಲ, ಇನ್ನೊಂದ್ಸಲ ಒತ್ತಿ’ ಅಂದಾಗ ಯಾಕೆ ಅಂತ ಕೇಳಿ, ಪರದೆ ನೋಡಿ, ರಸೀದಿ ಇಸ್ಕೊಳ್ಳಿ. ಕಡ್ಡಾಯ ಇಲ್ಲದ ಕಡೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಆಧಾರ್ ಪ್ರತಿ ಕೊಡಿ.

ದುಡ್ಡು ಹೋಗಿಬಿಟ್ಟರೆ?

ತಕ್ಷಣ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆ ಪ್ರಕಾರ, ನಿಮ್ಮದಾಗಲಿ ಬ್ಯಾಂಕಿನದಾಗಲಿ ತಪ್ಪಿಲ್ಲದೆ ಮೂರನೆಯವರಿಂದ ವಂಚನೆ ಆಗಿದ್ದರೆ, ಬ್ಯಾಂಕಿನ ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ನಷ್ಟ ನಿಮ್ಮ ಮೇಲೆ ಬೀಳೋದಿಲ್ಲ. ‘ನಿಮ್ಮದೇ ಬೆರಳಲ್ವಾ’ ಅಂತ ಕೌಂಟರಿನಲ್ಲಿ ಸಾಗಹಾಕಿದ್ರೆ ಸುಮ್ಮನೆ ಎದ್ದು ಬರಬೇಡಿ. ಆ ಮೂರು ದಿನದಲ್ಲಿ ಅರ್ಧ ದಿನ ಆಗಲೇ ಕಳೆದಿರುತ್ತೆ.