ಕಾಯಕಜೀವಿಯ ಕೊಲೆ ಮತ್ತು ಊರಿನ ಕರ್ತವ್ಯ



2017ರ ಜುಲೈ 4ರ ರಾತ್ರಿ ದಕ್ಷಿಣ ಕನ್ನಡ ಜಿಲ್ಲೆಯ ಬಂಟ್ವಾಳದ ಬಿ.ಸಿ.ರೋಡಿನಲ್ಲಿ ಲಾಂಡ್ರಿ ನಡೆಸುತ್ತಿದ್ದ ಮಡಿವಾಳ ಕುಲದ ತರುಣನೊಬ್ಬನನ್ನು, ಅಂಗಡಿಯ ಬಾಗಿಲು ಹಾಕುವ ಹೊತ್ತಿಗೆ, ದುಷ್ಕರ್ಮಿಗಳು ಕಡಿದು ಹೋದರು. ರಕ್ತದ ಮಡುವಿನಲ್ಲಿ ಬಿದ್ದವನನ್ನು ಆಸ್ಪತ್ರೆಗೆ ಸಾಗಿಸಲು ಮುಂದಾದವನು ಹತ್ತಿರದಲ್ಲೇ ಹಣ್ಣು ಮಾರುತ್ತಿದ್ದ ಮುಸಲ್ಮಾನ ವ್ಯಾಪಾರಿ. ಜುಲೈ 7ರಂದು ತರುಣ ತೀರಿಕೊಂಡ. ಮರುದಿನ ಶವಯಾತ್ರೆ ಅದೇ ಬಿ.ಸಿ.ರೋಡಿನಲ್ಲಿ ಸಾಗುವಾಗ ಕಲ್ಲು ತೂರಾಟವಾಯಿತು. ಇದಕ್ಕೆ ಎರಡು ವಾರ ಮೊದಲು, ಜೂನ್ 21ರಂದು, ಬೆಂಜನಪದವಿನಲ್ಲಿ ಆಟೋ ಓಡಿಸಿ ಹೊಟ್ಟೆ ಹೊರೆಯುತ್ತಿದ್ದ ಮುಸಲ್ಮಾನನೊಬ್ಬನ ಕೊಲೆಯಾಗಿತ್ತು.

ಇವರ ಹೆಸರುಗಳನ್ನು ನಾವು ಬೇಕೆಂದೇ ಬರೆದಿಲ್ಲ. ಹೆಸರು ಕೇಳಿದ ಕೂಡಲೇ ಜನ ಇವ ಯಾರ ಪೈಕಿ ಎಂದು ಕೇಳುತ್ತಾರೆ. ಇಬ್ಬರಿಗೂ ಒಂದೊಂದು ಸಂಘಟನೆಯ ನಂಟಿತ್ತು, ಅದನ್ನು ಮರೆಮಾಚುವುದಿಲ್ಲ. ಆದರೆ ಬೆಳಗಿನಿಂದ ರಾತ್ರಿಯ ತನಕ ಒಬ್ಬ ಪರರ ಅರಿವೆಗೆ ಇಸ್ತ್ರಿ ಹಾಕುತ್ತಿದ್ದ, ಇನ್ನೊಬ್ಬ ಪರರನ್ನು ಮನೆ ಮುಟ್ಟಿಸುತ್ತಿದ್ದ. ಕಾಯಕವೇ ಅವರ ಗುರುತಾಗಬೇಕು ಎಂಬುದು ನಮ್ಮ ಅಭಿಪ್ರಾಯ.

ಮಡಿವಾಳನ ಕಾಯಕವನ್ನು ಶರಣ ಪರಂಪರೆ ಎಷ್ಟು ಎತ್ತರದಲ್ಲಿ ಇಟ್ಟಿದೆ ಎಂಬುದನ್ನು ಹಿರಿಯರಿಗೆ ನಾವು ಹೇಳಬೇಕಾಗಿಲ್ಲ. ದೇವರ ಹಿಪ್ಪರಗಿಯ ಮಾಚಿದೇವರು ಶರಣರ ಬಟ್ಟೆ ಮಡಿ ಮಾಡಿದವರು. ಕಲ್ಯಾಣ ಚದುರಿದಾಗ ವಚನದ ಕಟ್ಟುಗಳನ್ನು ಹೊತ್ತು ಉಳವಿಯತ್ತ ಹೊರಟ ಶರಣರಿಗೆ ಬೆಂಗಾವಲಾಗಿ ನಿಂತು, ಬೆನ್ನಟ್ಟಿ ಬಂದ ಸೈನ್ಯವನ್ನು ತಡೆದವರು ಅವರೇ ಎಂದು ಪರಂಪರೆ ಹೇಳುತ್ತದೆ. ಉಳವಿ ಜಾತ್ರೆಗೆ ಚಕ್ಕಡಿ ಕಟ್ಟುವ ನಮ್ಮ ಭಾಗದ ರೈತರು ಆ ದಾರಿಯನ್ನು ಪ್ರತಿವರ್ಷ ನೆನೆಯುತ್ತಾರೆ. ಫೆಬ್ರುವರಿ 1ರಂದು ಸರ್ಕಾರವೇ ಮಾಚಿದೇವ ಜಯಂತಿ ಆಚರಿಸುತ್ತದೆ. ಫೋಟೋಕ್ಕೆ ಹಾರ ಹಾಕಿ ಭಾಷಣ ಮಾಡಿದವರು ತಮ್ಮ ಊರಿನ ಅಗಸರ ಮನೆಯ ಅಂಗಳ ತುಳಿದಿದ್ದಾರೋ ಇಲ್ಲವೋ, ಅದು ಬೇರೆ ಮಾತು.

ಹನ್ನೆರಡನೆಯ ಶತಮಾನದ ಇನ್ನೊಂದು ಸಾವನ್ನು ಇಲ್ಲಿ ನೆನೆಯಲೇಬೇಕು. ಸಮಗಾರ ಹರಳಯ್ಯನವರು ಕೆರ ಹೊಲಿದು ಬದುಕಿದ ಶರಣರು. ಅವರ ಮಗ ಶೀಲವಂತನಿಗೂ ಬ್ರಾಹ್ಮಣ ಮಂತ್ರಿ ಮಧುವರಸರ ಮಗಳಿಗೂ ಲಗ್ನವಾಯಿತೆಂಬ ಕಾರಣಕ್ಕೆ ಬಿಜ್ಜಳನು ಬೀಗರಿಬ್ಬರನ್ನೂ ಆನೆಯ ಕಾಲಿಗೆ ಕಟ್ಟಿಸಿ ಎಳೆಸಿದ. ಆ ಕ್ರೌರ್ಯಕ್ಕೆ ಸೇಡು ತೀರಿಸಲು ಜಗದೇವ ಮೊದಲಾದವರು ಬಿಜ್ಜಳನನ್ನು ಕೊಂದರು. ಪುರಾಣಕಾರರು ಅವರನ್ನು ವೀರರೆಂದು ಹೊಗಳಿದ್ದಾರೆ. ನಾವೂ ಚಿಕ್ಕಂದಿನಿಂದ ಅದನ್ನೇ ಪಾಠವಾಗಿ ಓದಿದವರು. ಆದರೂ ಕೇಳಲೇಬೇಕಾದ ಪ್ರಶ್ನೆಯೊಂದಿದೆ: ಆ ಸೇಡಿನಿಂದ ಹರಳಯ್ಯನವರ ಮನೆಗೆ ಏನು ಬಂತು? ಸೈನ್ಯ ಶರಣರ ಮೇಲೆ ಬಿತ್ತು, ಅನುಭವ ಮಂಟಪ ಬರಿದಾಯಿತು, ಅಂಬಿಗ ಕುಂಬಾರ ಮೇದಾರರು ಒಟ್ಟಿಗೆ ಕೂತು ಮಾತಾಡುತ್ತಿದ್ದ ಊರು ದಿಕ್ಕುಪಾಲಾಯಿತು. ಬಿಜ್ಜಳನ ಅನ್ಯಾಯ ಅನ್ಯಾಯವೇ. ಆದರೆ ಕೊಂದವನನ್ನು ಕೊಂದು ಸತ್ತವನನ್ನು ಗೌರವಿಸಬಹುದು ಎಂಬ ಮಾತಿಗೆ ಕಲ್ಯಾಣವೇ ಉತ್ತರ ಕೊಟ್ಟಿದೆ.

ಈಚೆಗೆ ಮುಗದದಲ್ಲಿ ಪ್ರವಚನ ಮುಗಿದ ಮೇಲೆ ಹಿರಿಯರೊಬ್ಬರು, "ಅಜ್ಜಾರ, ದುಡಿದು ತಿನ್ನೋ ಮನಿಷ್ಯಾನ್ನ ಹಿಂಗ ಕಡದ ಹಾಕಿದ್ರ ಊರಾವ್ರು ಏನ್ ಮಾಡಬೇಕ್ರಿ?" ಎಂದು ಕೇಳಿದರು. ಮುಗದ ಕೆರೆಗೂ ಭತ್ತಕ್ಕೂ ಹೆಸರಾದ ಊರು. ಭತ್ತ ಬೆಳೆಯುವವನಿಗೆ ಕುಡ ಹಣಿಯುವ ಕಮ್ಮಾರ ಬೇಕು, ಕುಂಟೆ ಮಾಡುವ ಬಡಿಗ ಬೇಕು. ಹಿಂದೆ ಸುಗ್ಗಿಯಲ್ಲಿ ಆಯಗಾರರಿಗೆ ಕಣದಲ್ಲೇ ಪಾಲು ಅಳೆದು ಕೊಡುತ್ತಿದ್ದರು. ಈಗ ಫೋನಿನಲ್ಲಿ ದುಡ್ಡು ಹೋಗುತ್ತದೆ. ಪದ್ಧತಿ ಬದಲಾದರೂ ಋಣ ಹೋಗಿಲ್ಲ.

ಹಾಗಾಗಿ ಮೊದಲು ತೀರಬೇಕಾದ್ದು ಉದ್ರಿ. ಅಂಗಡಿಕಾರ ಸತ್ತಾಗ ಅವನಿಗೆ ಕೊಡಬೇಕಾದ ಬಾಕಿ ಹಲವರಿಗೆ ಮರೆತುಹೋಗುತ್ತದೆ. ಹೆಂಡತಿಗೆ ಲೆಕ್ಕ ಗೊತ್ತಿರುವುದಿಲ್ಲ, ಕೇಳಲು ಸಂಕೋಚ. ಬ್ಯಾನರಿಗೆ ಪಟ್ಟಿ ಎತ್ತುವ ಮೊದಲು ಹಿರಿಯರು ಕೂತು ಆ ಬಾಕಿ ವಸೂಲು ಮಾಡಿಕೊಡಲಿ. ಅಂಗಡಿಯನ್ನು ಮನೆಯವರು ನಡೆಸುವುದಾದರೆ ಗಿರಾಕಿಗಳು ಬೇರೆ ಕಡೆ ಹೋಗದಿರಲಿ. ಸರ್ಕಾರದ ಪರಿಹಾರದಲ್ಲಿಯೂ ನಮ್ಮವ, ಅವರವ ಎಂಬ ಎಣಿಕೆ ಬಂದುದನ್ನು ನೋಡಿದ್ದೇವೆ. 2022ರಲ್ಲಿ ಕರಾವಳಿಯಲ್ಲಿ ಸಾಲುಕೊಲೆಗಳಾದಾಗ ಒಂದು ಮನೆಗೆ ಸಿಕ್ಕಿತು, ಉಳಿದ ಮನೆಗಳಿಗೆ ಸಿಗಲಿಲ್ಲ. 2023ರ ಜೂನಿನಲ್ಲಿ ಬಿಟ್ಟುಹೋದ ಕುಟುಂಬಗಳಿಗೆ ತಲಾ 25 ಲಕ್ಷ ರೂಪಾಯಿ ಬಂತು. ತಾಯಂದಿರ ಕಣ್ಣೀರಿಗೆ ಸರದಿ ಹಚ್ಚಿದ್ದು ಸರಿಯಲ್ಲ.

ಇದೆಲ್ಲಕ್ಕಿಂತ ಕಠಿಣವಾದದ್ದು ಸಾಕ್ಷಿ. ಕೊಲೆಯಾದ ದಿನ ಊರಿಗೆ ಊರೇ ಕೂಗಾಡುತ್ತದೆ. ಕೋರ್ಟಿನಲ್ಲಿ ತಾರೀಕು ಬೀಳುವ ಹೊತ್ತಿಗೆ ವರ್ಷಗಳು ಉರುಳಿರುತ್ತವೆ. ನೋಡಿದವನಿಗೆ ಬೆದರಿಕೆ ಬರುತ್ತದೆ, ಮನೆಯವರು ನಿನಗೇಕೆ ಉಸಾಬರಿ ಎನ್ನುತ್ತಾರೆ, ಆತ ಕಟಕಟೆಯಲ್ಲಿ ನಿಂತು ನಾನು ನೋಡಿಯೇ ಇಲ್ಲ ಎನ್ನುತ್ತಾನೆ. ಲಿಂಗ ಧರಿಸಿದವರೂ ಹೀಗೆ ನುಡಿಯುವುದುಂಟು, ಅದನ್ನು ಹೇಳಲು ನಮಗೆ ದುಃಖವಾಗುತ್ತದೆ. 2018ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಸಾಕ್ಷಿಗಳ ರಕ್ಷಣೆಯ ಯೋಜನೆಯೊಂದನ್ನು ಒಪ್ಪಿ ದೇಶಕ್ಕೆಲ್ಲ ಅನ್ವಯಿಸಿತು. ಜಿಲ್ಲಾ ನ್ಯಾಯಾಧೀಶರ ಅಧ್ಯಕ್ಷತೆಯ ಸಮಿತಿಗೆ ಅರ್ಜಿ ಕೊಟ್ಟು ರಕ್ಷಣೆ ಕೇಳಬಹುದು ಎಂಬುದು ಹಳ್ಳಿಗಳಲ್ಲಿ ಬಹಳ ಜನರಿಗೆ ತಿಳಿದಿಲ್ಲ. ತಿಳಿದ ವಕೀಲರು ತಿಳಿಸಿಕೊಡಲಿ. ಸಾಕ್ಷಿ ಹೇಳಬೇಕಾದವನು ಧಾರವಾಡದ ಕೋರ್ಟಿಗೆ ಹೊರಟ ದಿನ ಊರಿನ ನಾಲ್ವರು ಹಿರಿಯರು ಅವನ ಸಂಗಡ ಬಸ್ಸು ಹತ್ತಲಿ, ಸಂಜೆ ಅವನನ್ನು ಮನೆಯ ತನಕ ಬಿಟ್ಟು ಬರಲಿ.