ನೋವಿನ ಗುಳಿಗೆಯೂ ಕರಿಯ ಮಲವೂ

ಮರ್ಕಂಜದ ಕಡೆಯ ತೋಟಗಳಲ್ಲಿ ಕೆಲಸಕ್ಕೆ ಇಳಿಯುವ ಮುನ್ನ ಎಲೆಯಡಿಕೆ ಹಾಕುವುದು ಹಳೆಯ ರೂಢಿ. ಈಗ ಅದರ ಜತೆಗೆ ನೋವಿನ ಗುಳಿಗೆಯೂ ಸೇರಿಕೊಂಡಿದೆ. ಅಡಿಕೆ ಗೊನೆ ಹೊತ್ತ ಬೆನ್ನಿಗೆ ಒಂದು, ಮರ ಹತ್ತಿಳಿದ ಮೊಣಕಾಲಿಗೆ ಒಂದು. ರಬ್ಬರ್ ಟ್ಯಾಪಿಂಗಿನವರಂತೂ ನಸುಕಿಗೇ ಮರದ ಬುಡದಲ್ಲಿರಬೇಕು. ಅವರು ಬರಿಹೊಟ್ಟೆಗೆ ಕಣ್ಣ ಚಾ ಕುಡಿದು ಅದರ ಮೇಲೆಯೇ ಗುಳಿಗೆ ನುಂಗುತ್ತಾರೆ.

ಇವರನ್ನು ತಿಳಿಗೇಡಿಗಳೆಂದು ಬೈಯುವುದು ಸುಲಭ. ನಾವು ಬೈಯಲಾರೆವು. ಒಂದು ದಿನ ಮನೆಯಲ್ಲಿ ಕುಳಿತರೆ ಒಂದು ದಿನದ ಕೂಲಿ ಹೋಯಿತು. ಗುಳಿಗೆಯ ಬೆಲೆ ಅದಕ್ಕಿಂತ ಎಷ್ಟೋ ಕಡಿಮೆ. ಲೆಕ್ಕ ಸರಿಯಾಗಿಯೇ ಉಂಟು. ಆದರೆ ಹೊಟ್ಟೆ ತೆರುವ ಬೆಲೆ ಆ ಲೆಕ್ಕದಲ್ಲಿ ಸೇರಿಲ್ಲ, ಅದನ್ನು ಸೇರಿಸಿ ತೋರಿಸಿದವರೂ ಇಲ್ಲ.

ನಮ್ಮ ಶರೀರದಲ್ಲಿ ಪ್ರೊಸ್ಟಗ್ಲಾಂಡಿನ್ ಎಂಬ ವಸ್ತುವಿದೆ. ಪೆಟ್ಟಾದಲ್ಲಿ ನೋವು, ಬಾವು ಎಬ್ಬಿಸುವುದೂ ಅದೇ, ಜಠರದ ಒಳಗೋಡೆಗೆ ಲೋಳೆಯ ಕಾಪು ಕಟ್ಟಿಸುವುದೂ ಅದೇ. ಡೈಕ್ಲೋಫೆನಾಕ್, ಐಬುಪ್ರೊಫೆನ್, ಆಸ್ಪಿರಿನ್ ಮೊದಲಾದ ಗುಳಿಗೆಗಳು ಈ ವಸ್ತು ಹುಟ್ಟದಂತೆ ತಡೆಯುತ್ತವೆ. ನೋವು ಹೋಗುತ್ತದೆ, ಕಾಪೂ ಹೋಗುತ್ತದೆ. ಅನ್ನ ಕರಗಿಸಬೇಕಾದ ಆಮ್ಲ ಗೋಡೆಯನ್ನೇ ಕೊರೆಯುತ್ತದೆ. ಹಾಗಾದ ಹುಣ್ಣು ಒಂದು ರಕ್ತನಾಳವನ್ನು ಮುಟ್ಟಿತೆಂದರೆ ಒಳಗೇ ರಕ್ತ ಸುರಿಯತೊಡಗುತ್ತದೆ. "ಗುಳಿಗೆ ಬೇಡ, ಇಂಜೆಕ್ಷನ್ ಕೊಡಿ, ಅದು ಹೊಟ್ಟೆಗೆ ತಾಗುವುದಿಲ್ಲ" ಎನ್ನುವವರು ನಮ್ಮಲ್ಲಿ ಬಹಳ. ಅದೇ ಮದ್ದು ಸೂಜಿಯಿಂದ ಹೋದರೂ ರಕ್ತದಲ್ಲಿ ಸೇರಿ ಜಠರದ ಕಾಪನ್ನು ಕಳೆಯುತ್ತದೆ. ಮುದುಕರಿಗೆ, ಹಿಂದೆ ಹುಣ್ಣಾದವರಿಗೆ, ರಕ್ತ ತೆಳುಮಾಡುವ ಮದ್ದಿನಲ್ಲಿರುವವರಿಗೆ, ಕುಡಿಯುವವರಿಗೆ ಅಪಾಯ ಹೆಚ್ಚು. ಹೃದಯಕ್ಕೆಂದು ವೈದ್ಯರು ಆಸ್ಪಿರಿನ್ ಬರೆದುಕೊಟ್ಟವರು ಮಾತ್ರ ಇದನ್ನು ಓದಿ ತಾವಾಗಿ ಅದನ್ನು ನಿಲ್ಲಿಸಬಾರದು, ಅವರನ್ನೇ ಕೇಳಬೇಕು.

2008ರಲ್ಲಿ ಚಿಕೂನ್‌ಗುನ್ಯ ಸುಳ್ಯ, ಪುತ್ತೂರು ಸೀಮೆಯನ್ನು ಮಲಗಿಸಿತು. ಜ್ವರ ಬಿಟ್ಟರೂ ಗಂಟುನೋವು ತಿಂಗಳುಗಟ್ಟಲೆ ಬಿಡಲಿಲ್ಲ. ನೋವಿನ ಗುಳಿಗೆ ಮನೆಮನೆಯ ಗೂಡಿನಲ್ಲಿ ಕಾಯಂ ಆದದ್ದು ಹೆಚ್ಚಾಗಿ ಆಗಲೇ ಎಂದು ನಮ್ಮ ಎಣಿಕೆ. ಡೆಂಗ್ಯೂ ಜ್ವರದಲ್ಲಂತೂ ಈ ಗುಳಿಗೆಗಳು ರಕ್ತಸ್ರಾವಕ್ಕೆ ದಾರಿ. ಮಳೆಗಾಲದ ಜ್ವರಕ್ಕೆ ಪ್ಯಾರಸಿಟಮಾಲ್ ಸಾಕು, ಅದೂ ಹೇಳಿದ ಪ್ರಮಾಣದಲ್ಲಿ.

ಎಲೆಯಡಿಕೆಯ ಊರಿನವರಾದ ನಾವು ಕೆಂಪು ಉಗುಳಿಗೆ ಹೆದರುವವರಲ್ಲ. ಇಲ್ಲಿ ಹೆದರಬೇಕಾದದ್ದು ಕಪ್ಪಿಗೆ. ಜಠರದಲ್ಲಿ ಸುರಿದ ರಕ್ತ ಆಮ್ಲಕ್ಕೆ ಸಿಕ್ಕಿ, ಕರುಳಿನಲ್ಲಿ ಸಾಗಿ ಕೆಳಗೆ ಬರುವಾಗ ಡಾಮರಿನಂತೆ ಕಪ್ಪಾಗಿ, ಅಂಟಾಗಿ, ಕೆಟ್ಟ ನಾತ ಹೊಡೆಯುತ್ತದೆ. ವಾಂತಿಯಾದರೆ ಕಾಫಿ ಚರಟದ ಹಾಗೆ. ಇದನ್ನು ಕಂಡ ಮನೆಯವರು "ಉಷ್ಣವಾಗಿದೆ" ಎಂದು ಪುನರ್ಪುಳಿ ಶರಬತ್ತು ಮಾಡಿ ಕೊಡುತ್ತಾರೆ. ಪುನರ್ಪುಳಿಯ ಮೇಲೆ ನಮಗೇನೂ ಹಗೆಯಿಲ್ಲ, ಆದರೆ ಸೋರುವ ರಕ್ತನಾಳವನ್ನು ಅದು ಕಟ್ಟಲಾರದು. ಕಬ್ಬಿಣದ ಮಾತ್ರೆ ತಿನ್ನುವ ಬಸುರಿಯರ ಮಲವೂ ಕಪ್ಪಾಗುವುದುಂಟು, ಅದು ಬೇರೆ. ಕಪ್ಪು ಮಲದೊಂದಿಗೆ ಎದ್ದರೆ ಕಣ್ಣು ಕತ್ತಲೆ, ತಣ್ಣನೆಯ ಬೆವರು, ಎದೆಬಡಿತ ಕಂಡರೆ ಬೆಳಗಾಗುವವರೆಗೆ ಕಾಯಬೇಡಿ. ಬಾಯಿಗೆ ಏನೂ ಕೊಡದೆ 108ಕ್ಕೆ ಫೋನ್ ಮಾಡಿ.

ಗುಳಿಗೆಯೊಂದೇ ಕಾರಣವಲ್ಲ. ಹುಣ್ಣಿಗೆ ಚಿಂತೆ, ಖಾರವೇ ಕಾರಣವೆಂದು ವೈದ್ಯರೇ ನಂಬಿದ್ದ ಕಾಲವಿತ್ತು. ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಕ್ರಿಮಿಯ ಕೆಲಸ ಅದೆಂದು ತೋರಿಸಲು ಆಸ್ಟ್ರೇಲಿಯದ ಬ್ಯಾರಿ ಮಾರ್ಷಲ್ 1984ರಲ್ಲಿ ಆ ಕ್ರಿಮಿಯನ್ನು ತಾನೇ ಕುಡಿದರು. ಅವರಿಗೂ ರಾಬಿನ್ ವಾರೆನ್‌ಗೂ 2005ರಲ್ಲಿ ನೊಬೆಲ್ ಬಂತು. ಎರಡು ವಾರದ ಮದ್ದಿನಿಂದ ಈ ಕ್ರಿಮಿಯನ್ನು ಕಳೆಯಬಹುದು. ಇನ್ನೊಂದು ಕಾರಣ ಮದ್ಯ. 2007ರಲ್ಲಿ ಸಾರಾಯಿ ನಿಷೇಧವಾಯಿತು, ಬಾಟಲಿ ನಿಷೇಧವಾಗಲಿಲ್ಲ. ಕುಡಿದು ಯಕೃತ್ತು ಗಡುಸಾದವನ ಅನ್ನನಾಳದ ರಕ್ತನಾಳಗಳು ಉಬ್ಬಿ ಒಡೆದರೆ ಬೋಗುಣಿ ತುಂಬ ರಕ್ತ ಕಾರುತ್ತಾನೆ. ಕೆಳಗೆ ಕೆಂಪು ರಕ್ತ ಹೋದರೆ ಎಲ್ಲರೂ ಮೂಲವ್ಯಾಧಿ ಎನ್ನುತ್ತಾರೆ. ಹೆಚ್ಚಾಗಿ ಅದೇ ನಿಜ, ಆದರೆ ಕರುಳಿನ ಕ್ಯಾನ್ಸರೂ ಹಾಗೆಯೇ ತೋರಿಕೊಳ್ಳುತ್ತದೆ. ನಾಚಿಕೆ ಬಿಟ್ಟು ವೈದ್ಯರಿಗೆ ತೋರಿಸಬೇಕು.

ಚಿಕಿತ್ಸೆ ಉಂಟು, ಚೆನ್ನಾಗಿಯೇ ಉಂಟು. ಮೊದಲು ಡ್ರಿಪ್, ಬೇಕಾದರೆ ರಕ್ತ, ಆಮ್ಲ ತಗ್ಗಿಸುವ ಮದ್ದು. ಬಳಿಕ 24 ಗಂಟೆಯೊಳಗೆ ಬಾಯಿಯ ಮೂಲಕ ಎಂಡೋಸ್ಕೋಪಿನ ಕೊಳವೆ ಇಳಿಸಿ ಹುಣ್ಣನ್ನು ಕಣ್ಣಾರೆ ನೋಡಿ, ಅಲ್ಲೇ ಸೂಜಿಮದ್ದು ಕೊಟ್ಟು, ಕ್ಲಿಪ್ ಹಾಕಿ ಅಥವಾ ಸುಟ್ಟು ರಕ್ತ ನಿಲ್ಲಿಸುತ್ತಾರೆ. ಉಬ್ಬಿದ ನಾಳಕ್ಕೆ ರಬ್ಬರ್ ಬಳೆ ತೊಡಿಸುತ್ತಾರೆ. ಹೆಚ್ಚಿನವರಿಗೆ ಹೊಟ್ಟೆ ಕೊಯ್ಯುವ ಪ್ರಮೇಯವೇ ಬರುವುದಿಲ್ಲ.

ಸುಳ್ಯದಲ್ಲೇ ಮೆಡಿಕಲ್ ಕಾಲೇಜು ಇರುವುದು ನಮ್ಮ ಸೀಮೆಯ ಭಾಗ್ಯ. ಆದರೆ ಸರಕಾರದ ದೊಡ್ಡಾಸ್ಪತ್ರೆ ವೆನ್‌ಲಾಕ್ ಇರುವುದು 80 ಕಿಲೋಮೀಟರಿಗೂ ಆಚೆ, ಮಂಗಳೂರಿನಲ್ಲಿ. ರಕ್ತ ಸೋರುವವನಿಗೆ ಅದು ಬಹಳ ದೂರ. ತಾಲೂಕಿಗೊಂದು ಸರಕಾರಿ ಆಸ್ಪತ್ರೆಯಲ್ಲಿ ಹಗಲೂ ಇರುಳೂ ಎಂಡೋಸ್ಕೋಪ್, ಅದನ್ನು ಬಳಸಬಲ್ಲ ವೈದ್ಯರು, ಕೈಗೆ ಸಿಗುವ ರಕ್ತ ಇವಿಷ್ಟನ್ನು ಕೇಳುವುದು ದುರಾಸೆಯೇ? ಡೈಕ್ಲೋಫೆನಾಕನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂಬ ಕಾನೂನು ಪುಸ್ತಕದಲ್ಲುಂಟು, ಅಂಗಡಿಯಲ್ಲಿ ಬಿಡಿಬಿಡಿಯಾಗಿ ಸಿಗುತ್ತದೆ. ಆದರೆ ಅಂಗಡಿಯವನನ್ನು ಮಾತ್ರ ಹಿಡಿದರೆ ಮುಗಿಯಲಿಲ್ಲ. ಕಾಯಿಲೆಯ ದಿನಕ್ಕೂ ಭತ್ಯೆ ಕೊಡಬೇಕೆಂದ 1951ರ ತೋಟ ಕಾರ್ಮಿಕರ ಕಾಯಿದೆ ಚಹಾ, ಕಾಫಿ, ರಬ್ಬರ್ ತೋಟಗಳನ್ನು ಹೆಸರಿಸಿತು, ಅಡಿಕೆಯನ್ನು ಹೆಸರಿಸಲಿಲ್ಲ. ಬೆನ್ನು ನೋವಾದ ದಿನ ಮಲಗಿದರೂ ಅರ್ಧ ಕೂಲಿಯಾದರೂ ಸಿಗುವುದಾದರೆ ಎಷ್ಟು ಮಂದಿ ಬರಿಹೊಟ್ಟೆಗೆ ಗುಳಿಗೆ ನುಂಗುತ್ತಾರೆ? ತೋಟದ ಧನಿಗಳೂ ಆಳುಗಳೂ ಒಟ್ಟಿಗೆ ಕುಳಿತಿರುವ ಗ್ರಾಮಸಭೆಯಲ್ಲೇ ಈ ಪ್ರಶ್ನೆಯನ್ನು ಎತ್ತಬೇಕೆಂದು ಮರ್ಕಂಜದ ಗೆಳೆಯರಲ್ಲಿ ನಮ್ಮ ವಿನಂತಿ.