ನಿವೃತ್ತಿಯ ಹಾರ ಬೀಳುವ ಮುನ್ನವೇ ಆರೋಗ್ಯ ವಿಮೆ

ಮೈಸೂರಿಗೆ ಪಿಂಚಣಿದಾರರ ಸ್ವರ್ಗವೆಂಬ ಹೆಸರು ಹಿಂದಿನಿಂದಲೂ ಇದೆ. ಕುವೆಂಪುನಗರದಲ್ಲೊಂದು ಮನೆ, ಬೆಳಿಗ್ಗೆ ಕುಕ್ಕರಹಳ್ಳಿ ಕೆರೆಯ ಸುತ್ತ ನಡಿಗೆ. ಇಷ್ಟಕ್ಕೆಲ್ಲ ಲೆಕ್ಕ ಹಾಕಿಟ್ಟುಕೊಂಡ ದಂಪತಿಗಳೂ ಆಸ್ಪತ್ರೆಯ ಖರ್ಚನ್ನು ಮರೆತಿರುತ್ತಾರೆ. ಖಾಸಗಿ ಕಂಪನಿಯ ನೌಕರರಿಗೆ ದುಡಿಯುವಷ್ಟು ದಿನ ಕಂಪನಿಯ ವಿಮೆ ಇರುತ್ತದೆ. ನಿವೃತ್ತಿಯ ದಿನ ಹಾರ ಹಾಕಿಸಿಕೊಂಡು ಮನೆಗೆ ಬರುವಾಗ ಅದು ಸಾಮಾನ್ಯವಾಗಿ ಅಲ್ಲೇ ಉಳಿಯುತ್ತದೆ.

'ಅರವತ್ತಾಗಲಿ, ನೋಡೋಣ' ಎನ್ನುವವರು ಒಂದು ಅಂಶ ಗಮನಿಸಬೇಕು. ಸಕ್ಕರೆ ಕಾಯಿಲೆ, ರಕ್ತದೊತ್ತಡದಂತಹ ಮೊದಲೇ ಇರುವ ಕಾಯಿಲೆಗಳಿಗೆ ಹೊಸ ವಿಮೆ ಕೂಡಲೇ ಹಣ ಕೊಡುವುದಿಲ್ಲ. ಮೂರು ವರ್ಷದವರೆಗೆ ಕಾಯಿಸಬಹುದು. 2024ಕ್ಕೆ ಮುಂಚೆ ಈ ಮಿತಿ ನಾಲ್ಕು ವರ್ಷವಿತ್ತು. ಕಣ್ಣಿನ ಪೊರೆ, ಮಂಡಿಕೀಲು ಬದಲಾವಣೆಗೂ ಕಾಯುವ ಅವಧಿ ಇರುತ್ತದೆ. ಆದ್ದರಿಂದ ಐವತ್ತೇಳರಲ್ಲಿ ವಿಮೆ ಮಾಡಿಸಿದವರಿಗೆ ಅರವತ್ತರ ಹೊತ್ತಿಗೆ ನೆರಳು ಸಿಕ್ಕಿರುತ್ತದೆ. ಅರವತ್ತರಲ್ಲಿ ಮಾಡಿಸಿದವರು ಆಗಿನ್ನೂ ಗಿಡ ನೆಡುತ್ತಿರುತ್ತಾರೆ. ಕಂಪನಿಯ ಗುಂಪು ವಿಮೆಯನ್ನೇ ಸ್ವಂತ ಪಾಲಿಸಿಯಾಗಿ ಬದಲಿಸಿಕೊಳ್ಳಬಹುದೇ ಎಂದು ಕೆಲಸದಲ್ಲಿರುವಾಗಲೇ ವಿಚಾರಿಸಿ; ಕಾದ ವರ್ಷಗಳು ವ್ಯರ್ಥವಾಗುವುದಿಲ್ಲ.

'ಬೆಂಗಳೂರಿನ ಮಗನ ಆಫೀಸಿನ ವಿಮೆಯಲ್ಲಿ ನಮ್ಮಿಬ್ಬರ ಹೆಸರೂ ಇದೆ' ಎಂಬ ಧೈರ್ಯ ನಿಮಗಿರಬಹುದು. ಮಗ ಕೆಲಸ ಬಿಟ್ಟ ದಿನ ಆ ಧೈರ್ಯವೂ ಹೋಗುತ್ತದೆ. ಎಪ್ಪತ್ತು ದಾಟಿದವರಿಗೆ ಕೇಂದ್ರ ಸರ್ಕಾರ 2024ರ ಅಕ್ಟೋಬರ್‌ನಲ್ಲಿ 5 ಲಕ್ಷ ರೂಪಾಯಿಯ ಆಯುಷ್ಮಾನ್ ವಯ ವಂದನಾ ಕಾರ್ಡ್ ತಂದಿತು. ಆ ಮೊತ್ತ ಗಂಡ ಹೆಂಡತಿ ಇಬ್ಬರಿಗೂ ಸೇರಿ. ಅದಿರಲಿ, ಅರವತ್ತರಿಂದ ಎಪ್ಪತ್ತರವರೆಗಿನ ಹತ್ತು ವರ್ಷ ಏನು ಮಾಡುತ್ತೀರಿ?

ದಂಪತಿಗೆ ಒಂದೇ ಪಾಲಿಸಿಯೋ, ಎರಡೋ? ಒಂದೇ ಆದರೆ ಕಂತು ಕಡಿಮೆ, ನಿಜ. ಆದರೆ ಯಜಮಾನರ ಹೃದಯದ ಚಿಕಿತ್ಸೆಗೆ ಹಣವೆಲ್ಲ ಮುಗಿದ ವರ್ಷವೇ ಮನೆಯಾಕೆಯ ಮಂಡಿ ಕೈಕೊಟ್ಟರೆ ಉಳಿದಿರುವುದೇನು? ಈ ವಯಸ್ಸಿನಲ್ಲಿ, ಕಂತು ಕಟ್ಟುವ ಶಕ್ತಿಯಿದ್ದರೆ, ಇಬ್ಬರಿಗೂ ಬೇರೆ ಬೇರೆ ಇರುವುದೇ ಮೇಲು ಎಂದು ನನ್ನ ಅಭಿಪ್ರಾಯ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಮೇಲಿದ್ದ ಶೇ 18 ಜಿಎಸ್‌ಟಿ ಹೋಗಿರುವುದು ಸ್ವಲ್ಪ ಸಮಾಧಾನ.

ಮೇಟಗಳ್ಳಿ, ಹೆಬ್ಬಾಳದ ಕಾರ್ಖಾನೆಗಳಲ್ಲಿ ದುಡಿದವರು ಮಾತ್ರ ಮೊದಲು ಇಎಸ್‌ಐ ಕಚೇರಿಗೆ ಹೋಗಿ ಬನ್ನಿ. ಕನಿಷ್ಠ ಐದು ವರ್ಷ ವಿಮಾದಾರರಾಗಿದ್ದು ನಿವೃತ್ತರಾದವರಿಗೆ ವರ್ಷಕ್ಕೆ 120 ರೂಪಾಯಿ ಕಟ್ಟಿದರೆ ಪತಿ ಪತ್ನಿ ಇಬ್ಬರಿಗೂ ಚಿಕಿತ್ಸೆ ಮುಂದುವರಿಯುತ್ತದೆ. ಇದನ್ನು ತಿಳಿಯದೆ ಸಾವಿರಾರು ರೂಪಾಯಿ ಕಂತು ಕಟ್ಟುವವರಿದ್ದಾರೆ.

ಏಜೆಂಟರು 'ಶುಗರ್ ಇದೆ ಅಂತ ಬರೆಯೋದು ಬೇಡ ಸಾರ್' ಎಂದರೆ ಕೇಳಬೇಡಿ. ಐದು ವರ್ಷ ಸತತವಾಗಿ ಕಂತು ಕಟ್ಟಿದ ಮೇಲೆ, ಮುಚ್ಚಿಟ್ಟಿದ್ದೀರಿ ಎಂಬ ನೆಪದಲ್ಲಿ ಕಂಪನಿ ಹಣ ನಿರಾಕರಿಸುವಂತಿಲ್ಲ. ವಂಚನೆ ಸಾಬೀತಾದರೆ ಆ ರಕ್ಷಣೆ ಇಲ್ಲ. ಪಾಲಿಸಿ ಕೈಸೇರಿದ 30 ದಿನದೊಳಗೆ ಬೇಡವೆನಿಸಿದರೆ ಹಿಂತಿರುಗಿಸಬಹುದು. ಅಷ್ಟರೊಳಗೆ ಕನ್ನಡಕ ಹಾಕಿಕೊಂಡು ಸಣ್ಣಕ್ಷರಗಳನ್ನು ಇಬ್ಬರೂ ಓದಿ: ಕೋಣೆ ಬಾಡಿಗೆಗೆ ಮಿತಿ ಎಷ್ಟು, ಬಿಲ್ಲಿನಲ್ಲಿ ನಿಮ್ಮ ಪಾಲು ಎಷ್ಟು, ನೀವು ಹೋಗುವ ಆಸ್ಪತ್ರೆ ಪಟ್ಟಿಯಲ್ಲಿದೆಯೇ?